ನಿಪ್ಪಲ್ ಕಿತ್ತು ಬಿರಡೆ ಹಾಕಿದ ಕಾಲ

1961ರ ಮಾದರಿಯ ಫೋರ್ಡ್ ಕಾರುಗಳು ಅಮೆರಿಕದ ಪೇಟೆಗೆ ಬಂದಾಗ ಕಂಪನಿ ಸಾರಿಕೊಂಡ ದೊಡ್ಡ ಸುದ್ದಿಗಳಲ್ಲಿ ಒಂದು ಎಂಜಿನ್‌ಗೆ ಸಂಬಂಧಿಸಿದ್ದೇ ಅಲ್ಲ. ಗಾಡಿಯ ಅಡಿಗೆ ಪದೇ ಪದೇ ಗ್ರೀಸ್ ಹೊಡೆಯುವ ಕೆಲಸ ತಪ್ಪಿತು ಎಂಬುದೇ ಆ ಸುದ್ದಿ. ಅಲ್ಲಿಯವರೆಗೆ ಸುಮಾರು 1,000 ಮೈಲಿಗೊಮ್ಮೆ ಗ್ರೀಸ್ ಗನ್ ಹಿಡಿದು ಗಾಡಿಯ ಕೆಳಗೆ ನುಸುಳಬೇಕಿತ್ತು. ಇನ್ನು 30,000 ಮೈಲಿ, ಅಂದರೆ ಹತ್ತಿರ ಹತ್ತಿರ 48,000 ಕಿಲೋಮೀಟರ್ ಆ ಕಡೆ ತಲೆಹಾಕಬೇಕಿಲ್ಲ ಎಂದಿತು ಫೋರ್ಡ್. ಮಾಲಿಬ್ಡಿನಮ್ ಡೈಸಲ್ಫೈಡ್ ಬೆರೆಸಿದ ಗ್ರೀಸ್ ಮತ್ತು ಕೆಸರು ಒಳಗೆ ಬಿಡದ ಹೊಸ ಸೀಲ್‌ಗಳನ್ನು ನಂಬಿ ಆಡಿದ ಮಾತದು.

ನನ್ನ ಕುತೂಹಲ ಕೆರಳಿಸಿದ್ದು ಆ ಮೈಲಿ ಲೆಕ್ಕವಲ್ಲ, ಗ್ರೀಸ್ ತುಂಬುವ ತೂತಿಗೆ ಅವರು ಮಾಡಿದ ವ್ಯವಸ್ಥೆ. ಗ್ರೀಸ್ ಗನ್ನಿನ ಮೂತಿ ಕೂರುವ ನಿಪ್ಪಲ್ ಇರಬೇಕಾದ ಕಡೆ ತಿರುಪಿನ ಒಂದು ಪುಟ್ಟ ಬಿರಡೆ ಬಂದು ಕೂತಿತು. ಗ್ರೀಸ್ ಹಾಕಬೇಕೆಂದವರು ಬಿರಡೆ ಬಿಚ್ಚಬೇಕು, ಅಲ್ಲಿಗೊಂದು ನಿಪ್ಪಲ್ ತಿರುಗಿಸಬೇಕು, ಗ್ರೀಸ್ ತುಂಬಬೇಕು, ಮತ್ತೆ ಬಿರಡೆ ಮುಚ್ಚಬೇಕು. ಐದು ನಿಮಿಷದ ಕೆಲಸಕ್ಕೆ ಇಷ್ಟು ಹಂತಗಳಿದ್ದರೆ ಎಷ್ಟು ಜನ ಮಾಡುತ್ತಾರೆ? ಮನೆಯ ಮುಂದೆ ಪಿಕಪ್ ನಿಲ್ಲಿಸಿಕೊಂಡು ಮುಂದಿನ ಚಕ್ರದ ಕೀಲುಗಳನ್ನು ತಾನೇ ಬದಲಿಸುವ ಅಮೆರಿಕದ ಹಳ್ಳಿಗ, ಕಾರ್ಖಾನೆ ಕಾರ್ಮಿಕ, ಬಡಗಿ ಇವರೆಲ್ಲರ ಕಥೆ ತಿರುವು ಪಡೆದದ್ದು ಆ ಬಿರಡೆಯಲ್ಲಿ ಎಂದೇ ನಾನು ತಿಳಿದಿದ್ದೇನೆ.

ಪಿಕಪ್ ಹುಟ್ಟಿದ್ದೇ ಒಡೆಯನ ರಿಪೇರಿಗೆ ಸಿಗುವ ಗಾಡಿಯಾಗಿ. 1925ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಕಾರಿನ ಹಿಂಬದಿಗೆ ಸಾಮಾನಿನ ಪೆಟ್ಟಿಗೆ ಕೂರಿಸಿ 281 ಡಾಲರಿಗೆ ಮಾರಿತು. ಮುಂದೆ ಒಂದೇ ಉಕ್ಕಿನ ಅಚ್ಚು, ಅದರ ಮೇಲೆ ಅಡ್ಡಡ್ಡ ಕೂತ ಪಟ್ಟಿ ಸ್ಪ್ರಿಂಗು, ಎರಡು ತುದಿಗೆ ಚಕ್ರ ಎಡಬಲಕ್ಕೆ ಹೊರಳಲು ಕಿಂಗ್ ಪಿನ್ ಎಂಬ ಗೂಟ. ಬುಶ್ ಸವೆದರೆ ಸುತ್ತಿಗೆಯಿಂದ ಹೊಡೆದು ತೆಗೆದು ಹೊಸದನ್ನು ಕೂರಿಸುವುದು ರೈತನ ಕೊಟ್ಟಿಗೆಯಲ್ಲೇ ಆಗುತ್ತಿತ್ತು. ಕಂಪನಿಯ ಕೈಪಿಡಿಯೂ ಪ್ರಶ್ನೋತ್ತರದ ರೂಪದಲ್ಲಿತ್ತು. ಗಾಡಿ ಕೊಂಡವನು ಪ್ರಶ್ನೆ ಕೇಳುತ್ತಾನೆ, ಅವನಿಗೆ ಉತ್ತರ ಗೊತ್ತಿರಬೇಕು ಎಂಬ ಗೌರವ ಅದರಲ್ಲಿತ್ತು.

ಆ ಕಾಲದ ಗ್ರೀಸ್ ಬಟ್ಟಲುಗಳನ್ನು ಕೈಯಿಂದ ತಿರುವಿ ತಿರುವಿ ಗ್ರೀಸನ್ನು ಒಳಗೆ ಒತ್ತಬೇಕಿತ್ತು. ಮೊದಲ ಮಹಾಯುದ್ಧದ ಹೊತ್ತಿಗೆ ಆರ್ಥರ್ ಗುಲ್ಬಾರ್ಗ್ ಎಂಬಾತ ಒತ್ತಡದಿಂದ ಗ್ರೀಸ್ ತುಂಬುವ ಗನ್ ಮಾಡಿದ. ಅಲೆಮೈಟ್ ಎಂಬ ಹೆಸರಿನಲ್ಲಿ ಅದು ಹಬ್ಬಿತು. ಆದರೆ ನನಗೆ ಪ್ರೀತಿಯಾದವನು ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಆಸ್ಕರ್ ಜರ್ಕ್. ಅವನ ನಿಪ್ಪಲ್‌ನ ಒಳಗೊಂದು ಚಿಕ್ಕ ಗುಂಡು, ಅದರ ಹಿಂದೊಂದು ಸ್ಪ್ರಿಂಗು. ಗನ್ನಿನ ಮೂತಿ ಒತ್ತಿದರೆ ಗುಂಡು ಹಿಂದೆ ಸರಿದು ಗ್ರೀಸಿಗೆ ದಾರಿ ಬಿಡುತ್ತದೆ, ಮೂತಿ ತೆಗೆದೊಡನೆ ದಾರಿ ಮುಚ್ಚುತ್ತದೆ. ಈ ಸರಳ ನಿಪ್ಪಲ್‌ಗೆ ಅವನಿಗೆ ಪೇಟೆಂಟ್ ಸಿಕ್ಕಿದ್ದು 1929ರಲ್ಲಿ. ನಮ್ಮ ಟ್ರ್ಯಾಕ್ಟರುಗಳಲ್ಲಿ, ಲಾರಿಗಳ ಕಿಂಗ್ ಪಿನ್ನುಗಳಲ್ಲಿ ಇಂದಿಗೂ ಇರುವುದು ಅದರ ಸಂತತಿಯೇ. ಕೆಲವೇ ಕಾಸಿನ ಈ ತುಣುಕು ಕೀಲಿನ ಆಯಸ್ಸನ್ನು ಗಾಡಿಯ ಒಡೆಯನ ಕೈಗೆ ಕೊಟ್ಟಿತು. ಹಳೆಯ ಗ್ರೀಸಿನ ಜೊತೆ ನೀರು, ಧೂಳು, ಲೋಹದ ಪುಡಿಯೂ ಹೊರಬರುತ್ತಿತ್ತು. ಅಡಿಗೆ ನುಸುಳಿದವನಿಗೆ ಹರಿದ ರಬ್ಬರು, ಸಡಿಲಾದ ನಟ್ಟು, ಒಂದು ಪಕ್ಕ ಸವೆದ ಟೈರು ತಾನಾಗಿಯೇ ಕಣ್ಣಿಗೆ ಬೀಳುತ್ತಿತ್ತು. ಗ್ರೀಸಿಗಿಂತ ಆ ನೋಟವೇ ದೊಡ್ಡ ಲಾಭ.

1934ರಲ್ಲಿ ಜನರಲ್ ಮೋಟಾರ್ಸ್‌ನ ಕಾರುಗಳಿಗೆ ಪ್ರತಿ ಮುಂಚಕ್ರವೂ ಬೇರೆ ಬೇರೆಯಾಗಿ ಏರಿಳಿಯುವ ಸಸ್ಪೆನ್ಷನ್ ಬಂತು. ರೋಲ್ಸ್ ರಾಯ್ಸ್‌ನಿಂದ ಬಂದ ಮಾರಿಸ್ ಆಲಿ ಅದರ ಹಿಂದಿದ್ದ. ಪಿಕಪ್‌ಗಳು ಮಾತ್ರ ಮತ್ತೂ ಕಾಲು ಶತಮಾನ ಹಳೆಯ ಅಚ್ಚಿನಲ್ಲೇ ಓಡಿದವು. ಜರ್ಮನಿಯ ಫ್ರಿಟ್ಸ್ ಫೌಡಿ 1922ರಲ್ಲೇ ಪೇಟೆಂಟ್ ಪಡೆದಿದ್ದ ಬಾಲ್ ಜಾಯಿಂಟ್, ನಮ್ಮ ಸೊಂಟದ ಕೀಲಿನಂತೆ ಬಟ್ಟಲಲ್ಲಿ ಕೂತ ಗುಂಡು, 1952ರ ಲಿಂಕನ್ ಕಾರಿನಲ್ಲಿ ಕಿಂಗ್ ಪಿನ್ನಿನ ಜಾಗ ಹಿಡಿಯಿತು. 1960ರಲ್ಲಿ ಷೆವರ್ಲೆ ತನ್ನ ಪಿಕಪ್‌ಗಳಿಗೆ ಸ್ವತಂತ್ರ ಸಸ್ಪೆನ್ಷನ್ ಕೊಟ್ಟಿತು. ಮೊದಲು ತಿರುಚುವ ಸರಳು, 1963ರಿಂದ ಸುರುಳಿ ಸ್ಪ್ರಿಂಗು. ಫೋರ್ಡ್ 1965ರಲ್ಲಿ ತನ್ನದೇ ದಾರಿ ಹಿಡಿದು ಎರಡು ಉದ್ದದ ಉಕ್ಕಿನ ತೊಲೆಗಳ ಟ್ವಿನ್ ಐ ಬೀಮ್ ತಂದಿತು, ಕಿಂಗ್ ಪಿನ್ನನ್ನು 1980ರ ದಶಕದವರೆಗೂ ಬಿಡಲಿಲ್ಲ. ಡಾಡ್ಜ್ ಪಿಕಪ್‌ಗಳಿಗೆ ಸ್ವತಂತ್ರ ಸಸ್ಪೆನ್ಷನ್ ಬಂದದ್ದು 1972ರಲ್ಲಿ.

ಮನೆಯಂಗಳದ ಮೆಕ್ಯಾನಿಕ್ಕಿಗೆ ನಿಜವಾದ ಪಾಠಶಾಲೆಯಾದದ್ದು 1973ರಿಂದ 1987ರವರೆಗಿನ ಷೆವರ್ಲೆ ಪಿಕಪ್. ಅದರ ಮೇಲಿನ ಬಾಲ್ ಜಾಯಿಂಟನ್ನು ಕಾರ್ಖಾನೆ ಚಕ್ರವನ್ನು ಚೌಕಟ್ಟಿಗೆ ಸೇರಿಸುವ ಕಂಟ್ರೋಲ್ ಆರ್ಮ್‌ಗೆ ನಾಲ್ಕು ರಿವೆಟ್‌ಗಳಿಂದ ಬಡಿದಿತ್ತು. ರಿವೆಟ್‌ಗಳ ತಲೆ ಕೊರೆದು, ಉಳಿಯಿಂದ ಹಾರಿಸಿದರೆ ಹಳೆಯದು ಕಳಚುತ್ತದೆ. ಹೊಸದು ಬರುವುದು ನಾಲ್ಕು ಬೋಲ್ಟುಗಳ ಜೊತೆ. ಕೆಳಗಿನದು ಹಾಗಲ್ಲ. ಅದನ್ನು ಆರ್ಮಿನ ತೂತಿಗೆ ಭಾರೀ ಬಲದಿಂದ ಒತ್ತಿ ಕೂರಿಸಿರುತ್ತಾರೆ. ಅದಕ್ಕೂ ಮೊದಲು ಒಂದು ಪ್ರಾಣದ ವಿಷಯವಿದೆ. ಚೌಕಟ್ಟಿಗೂ ಕೆಳಗಿನ ಆರ್ಮ್‌ಗೂ ನಡುವೆ ಸುರುಳಿ ಸ್ಪ್ರಿಂಗು ಅದುಮಿಕೊಂಡು ಕೂತಿರುತ್ತದೆ. ಆರ್ಮಿನ ಕೆಳಗೆ ಜಾಕ್ ಕೊಡದೆ ಕೀಲು ಬಿಡಿಸಿದರೆ ಆ ಸ್ಪ್ರಿಂಗು ಚಿಮ್ಮಿ ಎದುರಿದ್ದವರನ್ನು ಕೊಲ್ಲಬಲ್ಲದು.

ಆದ್ದರಿಂದ ಈ ಕೆಲಸ ಬಲ್ಲವರ ಕ್ರಮ ಬದಲಾಗುವುದಿಲ್ಲ. ಗಾಡಿಯ ಚೌಕಟ್ಟು ಗಟ್ಟಿ ಸ್ಟ್ಯಾಂಡುಗಳ ಮೇಲೆ, ಆರ್ಮಿನ ಕೆಳಗೆ ಜಾಕ್. ಸ್ಪ್ಲಿಟ್ ಪಿನ್ ತೆಗೆದು ನಟ್ಟನ್ನು ಕೆಲವು ಸುತ್ತು ಸಡಿಲಿಸಬೇಕು, ಪೂರ್ತಿ ತೆಗೆಯಬಾರದು. ಕೀಲಿನ ಮೊನಚಾದ ಪಿನ್ನು ಕೂತಿರುವ, ಚಕ್ರ ಹೊರುವ ಗೆಣ್ಣಿನ ಪಕ್ಕಕ್ಕೆ ದೊಡ್ಡ ಸುತ್ತಿಗೆಯಿಂದ ಪೆಟ್ಟು ಕೊಟ್ಟರೆ ಅದು ಟಪ್ಪನೆ ಬಿಡುತ್ತದೆ, ನಟ್ಟು ಅದನ್ನು ಹಿಡಿದುಕೊಳ್ಳುತ್ತದೆ. ಜೋಡಿಸುವಾಗ ಸ್ಪ್ಲಿಟ್ ಪಿನ್ನಿನ ತೂತು ಸರಿಹೊಂದದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿಯಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಬೆರಳಿನಷ್ಟು ಉದ್ದದ ಆ ತಂತಿ ತುಂಡನ್ನು ಮರೆತರೆ ಉಳಿದ ದುಡಿಮೆಯೆಲ್ಲ ವ್ಯರ್ಥ.

ಕೆಳಗಿನ ಕೀಲನ್ನು ಒತ್ತಿ ತೆಗೆಯಲು ಬೇಕಾದ ದಪ್ಪ ಸಿ ಆಕಾರದ ಪ್ರೆಸ್ಸು ಎಲ್ಲರ ಮನೆಯಲ್ಲಿ ಇರುವಂಥದ್ದಲ್ಲ. ಇಲ್ಲಿ ಅಮೆರಿಕದ ಬಿಡಿಭಾಗದ ಅಂಗಡಿಗಳು ಮಾಡಿದ ಒಂದು ಉಪಕಾರವನ್ನು ನೆನೆಯಬೇಕು. 1979ರಲ್ಲಿ ಅರ್ಕನ್ಸಾ ರಾಜ್ಯದ ಫಾರೆಸ್ಟ್ ಸಿಟಿಯಲ್ಲಿ ಆಟೋ ಶ್ಯಾಕ್ ಎಂಬ ಹೆಸರಿನಿಂದ ಶುರುವಾದ ಆಟೋಜೋನ್‌ನಂಥ ಅಂಗಡಿಗಳು ಇಂಥ ಸಾಮಾನನ್ನು ಠೇವಣಿ ಪಡೆದು ಕೊಡುತ್ತವೆ, ಹಿಂತಿರುಗಿಸಿದರೆ ಹಣ ವಾಪಸ್. ಎಷ್ಟೋ ಸಂಸಾರಗಳ ಪಿಕಪ್ ಕೆಲಸಕ್ಕೆ ಹೋಗುತ್ತಿರುವುದು ಹೀಗೆ ತಂದ ಪ್ರೆಸ್ಸಿನ ದಯೆಯಿಂದ.

ಆ ಕಾಲದ ಒಂದು ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು. 1970ರ ದಶಕದಲ್ಲಿ ಜನರಲ್ ಮೋಟಾರ್ಸ್ ಕೆಳಗಿನ ಬಾಲ್ ಜಾಯಿಂಟಿನ ನಿಪ್ಪಲ್ ಕೂರುವ ಕೊರಳನ್ನೇ ಸವೆತದ ಸೂಚಕವಾಗಿಸಿತು. ಹೊಸದರಲ್ಲಿ ಆ ಕೊರಳು ತಳದಿಂದ ಸುಮಾರು 1.27 ಮಿಲಿಮೀಟರ್ ಹೊರಗೆ ಚಾಚಿರುತ್ತದೆ. ಒಳಗಿನ ಗುಂಡು ಸವೆದಂತೆ ಅದು ಒಳಗೆ ಸರಿಯುತ್ತದೆ. ಚಕ್ರ ನೆಲದ ಮೇಲಿರುವಾಗಲೇ ಸ್ಕ್ರೂಡ್ರೈವರ್ ಅಥವಾ ಉಗುರಿನಿಂದ ಕೆರೆದು ನೋಡಬೇಕು. ತಡೆದರೆ ಸರಿ, ತಡೆಯದೆ ಸಮತಟ್ಟಾಗಿ ಜಾರಿದರೆ ಕೀಲು ಬದಲಿಸುವ ಕಾಲ ಬಂದಿದೆ. ಯಂತ್ರವೇ ತನ್ನ ಸ್ಥಿತಿಯನ್ನು ಸಾಮಾನ್ಯ ಮನುಷ್ಯನಿಗೆ ಹೇಳುವಂತೆ ಮಾಡಿದ ಎಂಜಿನಿಯರುಗಳಿಗೆ ನನ್ನ ನಮಸ್ಕಾರ.

ಬಿರಡೆಯ ತರ್ಕ ಮಾತ್ರ ನಿಲ್ಲಲಿಲ್ಲ. ಕಾರುಗಳಿಂದ ಪಿಕಪ್‌ಗಳಿಗೂ ಹಬ್ಬಿತು. ಆಮೇಲೆ ಬಿರಡೆಯೂ ಹೋಯಿತು, ಜೀವಮಾನಪೂರ್ತಿ ಮುಚ್ಚಿದ ಕೀಲುಗಳು ಬಂದವು. ಸೀಲ್ ಹರಿಯುವವರೆಗೆ ಅವು ಚೆನ್ನಾಗಿಯೇ ದುಡಿಯುತ್ತವೆ, ಅದನ್ನು ಒಪ್ಪುತ್ತೇನೆ. ಆದರೆ ಸೀಲ್ ಹರಿದ ದಿನ ಒಳಹೋದ ನೀರನ್ನು ಹೊರಹಾಕುವ ದಾರಿಯೇ ಇಲ್ಲ. ಮುಂದಿನ ಹೆಜ್ಜೆಯಾಗಿ ಎಷ್ಟೋ ಗಾಡಿಗಳಲ್ಲಿ ಬಾಲ್ ಜಾಯಿಂಟ್ ಕಂಟ್ರೋಲ್ ಆರ್ಮಿನ ಅಂಗವೇ ಆಗಿಬಿಟ್ಟಿತು. ಮುಷ್ಟಿಯಷ್ಟು ಭಾಗ ಸವೆದರೆ ಮೊಣಕೈಯುದ್ದದ ಆರ್ಮನ್ನೇ ಕೊಳ್ಳಬೇಕು. ನಾಲ್ಕು ಬೋಲ್ಟಿನಲ್ಲಿ ಮುಗಿಯುತ್ತಿದ್ದ ರಿಪೇರಿಯನ್ನು ಹೀಗೆ ದುಬಾರಿ ಮಾಡಿದ್ದು ನನಗೆ ಸಹಿಸಲಾಗದ ಸಂಗತಿ.

ಈ ಕೀಲು ಕೈಕೊಟ್ಟರೆ ಏನಾಗಬಹುದು ಎಂಬುದಕ್ಕೆ 2005ರ ಟೊಯೋಟಾ ಪ್ರಕರಣವಿದೆ. ಟಕೋಮಾ, ಟಂಡ್ರಾ ಪಿಕಪ್‌ಗಳೂ ಸೇರಿ ಅಮೆರಿಕದಲ್ಲಿ 7.5 ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು ಮುಂದಿನ ಬಾಲ್ ಜಾಯಿಂಟಿನ ದೋಷಕ್ಕಾಗಿ ಕಂಪನಿ ಹಿಂದಕ್ಕೆ ಕರೆಯಬೇಕಾಯಿತು. ಆ ಕಾಲದ ಟಕೋಮಾದ ಕೆಳಗಿನ ಕೀಲಿನಲ್ಲಿ ಗಾಡಿಯ ಭಾರ ಗುಂಡನ್ನು ಬಟ್ಟಲಿಗೆ ಒತ್ತುವುದಿಲ್ಲ, ಹೊರಕ್ಕೆ ಎಳೆಯುತ್ತದೆ. ಪೂರ್ತಿ ಸವೆದರೆ ಗುಂಡು ಕಳಚಿ ಚಕ್ರ ಮಡಚಿಕೊಳ್ಳುತ್ತದೆ. ಟಕೋಮಾ ಒಡೆಯರು ಈ ಕೀಲನ್ನು ಮನೆಯಲ್ಲೇ, ಸವೆಯುವ ಮೊದಲೇ ಬದಲಿಸುವ ರೂಢಿ ಬೆಳೆಸಿಕೊಂಡಿದ್ದಾರೆ. ಇಲ್ಲಿ ಒಂದು ಪುಣ್ಯವಿದೆ, ಅದು ಬೋಲ್ಟುಗಳಿಂದ ಕೂರುವ ಕೀಲು, ಪ್ರೆಸ್ಸು ಬೇಕಿಲ್ಲ.

ಮನೆಯಲ್ಲಿ ಆಗದೆ ಉಳಿಯುತ್ತಿದ್ದದ್ದು ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಒಂದೇ. ಅದರಲ್ಲೂ ಅರ್ಧ ಆಗುತ್ತಿತ್ತು. ಗಾಡಿಯ ಉದ್ದಕ್ಕೂ ದಾರ ಕಟ್ಟಿ, ಚಕ್ರಗಳ ಮುಂದಿನ ಹಾಗೂ ಹಿಂದಿನ ಅಂತರ ಅಳೆದು, ಟೈ ರಾಡ್ ತಿರುಗಿಸಿ ಅಂಗಡಿಗೆ ಹೋಗುವಷ್ಟು ನೇರ ಮಾಡಿಕೊಳ್ಳುತ್ತಿದ್ದರು. ಟ್ವಿನ್ ಐ ಬೀಮ್ ಗಾಡಿಯಾದರೆ ಅಂಗಡಿಯವರು ಉಕ್ಕಿನ ತೊಲೆಯನ್ನೇ ಬಗ್ಗಿಸಿ ಕೋನ ಕೂರಿಸುತ್ತಿದ್ದರು. ಈಗಿನ ಹೊಸ ಪಿಕಪ್‌ಗಳಲ್ಲಿ ಲೇನ್ ಹಿಡಿದು ನಡೆಸುವ ಕ್ಯಾಮೆರಾ, ಸ್ಟೀರಿಂಗ್ ಕೋನದ ಸೆನ್ಸರ್ ಇವೆ. ಎಷ್ಟೋ ಮಾದರಿಗಳಲ್ಲಿ ಆರ್ಮ್ ಬದಲಿಸಿ ಅಲೈನ್‌ಮೆಂಟ್ ಮಾಡಿದ ಮೇಲೆ ಅವನ್ನೂ ಮತ್ತೆ ಹೊಂದಿಸಬೇಕು, ಅದಕ್ಕೆ ಸ್ಕ್ಯಾನರ್ ಬೇಕು. 2012ರಲ್ಲಿ ಮ್ಯಾಸಚೂಸೆಟ್ಸ್‌ನ ಮತದಾರರು ರಿಪೇರಿಯ ಹಕ್ಕಿನ ಕಾನೂನಿಗೆ ಭಾರೀ ಬಹುಮತ ಕೊಟ್ಟದ್ದೂ, 2020ರಲ್ಲಿ ಮತ್ತೊಮ್ಮೆ ಕೊಟ್ಟದ್ದೂ ಗಾಡಿ ಹೊರಹಾಕುವ ರಿಪೇರಿಯ ಮಾಹಿತಿ ಯಾರ ಕೈಯಲ್ಲಿರಬೇಕು ಎಂಬ ಜಗಳಕ್ಕಾಗಿಯೇ. ಪ್ರೆಸ್ಸನ್ನು ಠೇವಣಿಗೆ ಕೊಡುವ ಅಂಗಡಿಗಳು ಆ ಸ್ಕ್ಯಾನರನ್ನೂ ಅದೇ ರೀತಿ ಕೊಡುವಂತಾಗಬೇಕು.