ನಡತೆಯ ನೆಲೆ

ಬೀದರಿನ ಮಂಗಲಪೇಟೆಯ ಬಳಿಯಲ್ಲಿರುವ ಝರಣಿ ನರಸಿಂಹನ ಗುಹೆಯನ್ನು ಹೊಕ್ಕು ಬಂದವರಿಗೆ, ಮನುಷ್ಯನ ಮನಸ್ಸಿನಲ್ಲಿ ಭಯವೂ ಸಂಕಲ್ಪವೂ ಒಂದೇ ಗಳಿಗೆಯಲ್ಲಿ ಹೇಗೆ ಎಳೆದಾಡುತ್ತವೆಂಬುದನ್ನು ಬೇರೆ ಯಾರೂ ವಿವರಿಸಬೇಕಾಗಿಲ್ಲ. ಮಣಿಚೂಲ ಬೆಟ್ಟದ ಅಡಿಯಲ್ಲಿ ಸುಮಾರು 300 ಮೀಟರಿನಷ್ಟು ಉದ್ದಕ್ಕೆ ಕೊರೆದಿರುವ ಆ ಸುರಂಗದಲ್ಲಿ, ಎದೆಮಟ್ಟದ ನೀರನ್ನು ಹಾಯುತ್ತ, ತಲೆಯ ಮೇಲೆ ಜೋತುಬಿದ್ದಿರುವ ಬಾವಲಿಗಳ ಕೆಳಗೆ, ಎಳೆಯ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸನ್ನಿಧಿಯತ್ತ ಸಾಗುವ ತಂದೆಯೊಬ್ಬನನ್ನು ಭಾವಿಸಿಕೊಳ್ಳಿರಿ. ಕತ್ತಲಲ್ಲಿ ಏನೋ ಪಟಪಟನೆ ಬಡಿದುಕೊಂಡಿತೆಂದರೆ, ಅದು ಬಾವಲಿಯ ರೆಕ್ಕೆಯೆಂದು ಬುದ್ಧಿಯು ನಿಶ್ಚಯಿಸುವ ಮೊದಲೇ ಅವನ ಎದೆ ಡವಗುಟ್ಟಿ, ಅಂಗೈ ಬಿಗಿದು, ಮೈ ಹಿಂದಕ್ಕೆ ಸರಿದಿರುತ್ತದೆ. ಮರುಕ್ಷಣವೇ ಅವನು ತನ್ನನ್ನು ತಾನು ಸಂತೈಸಿಕೊಂಡು ಮುಂದಿನ ಹೆಜ್ಜೆಯನ್ನಿಡುತ್ತಾನೆ.

ಈ ಎರಡು ವ್ಯಾಪಾರಗಳಿಗೂ ತಲೆಬುರುಡೆಯೊಳಗೆ ಬೇರೆ ಬೇರೆ ನೆಲೆಗಳುಂಟು. ಕಿವಿಗಳ ನೇರಕ್ಕೆ, ಮಿದುಳಿನ ಒಳಭಾಗದಲ್ಲಿ, ಎಡಕ್ಕೊಂದು ಬಲಕ್ಕೊಂದು ಬಾದಾಮಿಯಷ್ಟು ಗಾತ್ರದ ಅಮಿಗ್ಡಲ ಎಂಬ ನರಕೋಶಗಳ ಗುಚ್ಛವಿದೆ; ಅಪಾಯದ ಸುಳಿವನ್ನು ಹಿಡಿದು, ಹೃದಯ, ಉಸಿರು, ಸ್ನಾಯುಗಳನ್ನು ಎಚ್ಚರಿಸುವುದರಲ್ಲಿ ಅದರದು ಮುಖ್ಯ ಪಾತ್ರ. ಅಮೆರಿಕದ ಒಬ್ಬ ಮಹಿಳೆಯಲ್ಲಿ ಅಪೂರ್ವವಾದ ಆನುವಂಶಿಕ ವ್ಯಾಧಿಯೊಂದರಿಂದ ಎರಡೂ ಅಮಿಗ್ಡಲಗಳು ನಶಿಸಿಹೋಗಿದ್ದವು. ಆಕೆ ಹಾವನ್ನು ಕೈಯಲ್ಲಿ ಹಿಡಿದರೂ ಹೆದರಲಿಲ್ಲ. ಆದರೆ 2013ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಇಂಗಾಲದ ಡೈಆಕ್ಸೈಡು ಹೆಚ್ಚಾಗಿ ಬೆರೆತ ಗಾಳಿಯನ್ನು ಉಸಿರಾಡಿದಾಗ ಆಕೆಗೂ ಕಡುದಿಗಿಲು ಹುಟ್ಟಿತು. ಭಯಕ್ಕೂ ಒಂದೇ ಒಂದು ಬಾಗಿಲಿಲ್ಲವೆಂಬುದು ಇದರಿಂದ ತಿಳಿಯಬರುತ್ತದೆ. ಇತ್ತ, ಹೆದರಿದ ದೇಹವನ್ನು ತಡೆದು ನಿಲ್ಲಿಸಿ, ಉದ್ದೇಶದ ಕಡೆಗೆ ತಿರುಗಿಸುವ ಕಾರ್ಯ ಬಹುಮಟ್ಟಿಗೆ ಹಣೆಯ ಹಿಂದಿರುವ ಮುಂಭಾಗದ ಹಾಲೆಯದು. ಈ ಭಾಗ ಪೂರ್ಣವಾಗಿ ಪಕ್ವವಾಗುವುದು ವಯಸ್ಸು ಇಪ್ಪತ್ತು ದಾಟಿದ ಮೇಲೆ. ಹದಿಹರೆಯದ ಮಕ್ಕಳ ದುಡುಕಿಗೆ ಸಿಟ್ಟಾಗುವ ತಂದೆತಾಯಿಗಳು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಪ್ರೌಢ ಮನುಷ್ಯನ ಮಿದುಳು ಸುಮಾರು 1,300ರಿಂದ 1,400 ಗ್ರಾಂ ತೂಗುತ್ತದೆ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಾದ ಈ ಅವಯವವು, ವಿಶ್ರಾಂತಿಯ ಹೊತ್ತಿನಲ್ಲಿಯೂ ದೇಹವು ವ್ಯಯಿಸುವ ಶಕ್ತಿಯ ಐದನೆಯ ಒಂದು ಪಾಲನ್ನು ಬಳಸಿಕೊಳ್ಳುತ್ತದೆ. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಡಾ. ಎಸ್.ಕೆ. ಶಂಕರ್ ಅವರು 1995ರಲ್ಲಿ ನೆಲೆಗೊಳಿಸಿದ ಮಿದುಳಿನ ಭಂಡಾರವೂ ಅದರ ಸಂಗ್ರಹಾಲಯವೂ ಇವೆ. ದಾನವಾಗಿ ಬಂದ ಮಿದುಳುಗಳನ್ನು ಅಲ್ಲಿ ಸಾಮಾನ್ಯ ಜನರೂ ಕಣ್ಣಾರೆ ಕಾಣಬಹುದು. ಪ್ರೀತಿ, ಕೋಪ, ನೆನಪು, ಮಾತು ಎಂದು ನಾವು ಕರೆಯುವುದೆಲ್ಲ ಇಂಥದೊಂದು ಮೃದುವಾದ ಪದಾರ್ಥದಲ್ಲಿ ನೆಲೆಸಿತ್ತೆಂಬ ಅರಿವು ನೋಡುವವರನ್ನು ಗಂಭೀರರನ್ನಾಗಿ ಮಾಡದೆ ಇರಲಾರದು.

ಮುಂಭಾಗದ ಹಾಲೆಯ ಮಹಿಮೆಯನ್ನು ಜಗತ್ತು ಮೊದಲು ಕಂಡುಕೊಂಡದ್ದು ಒಂದು ಅಪಘಾತದಿಂದ. 1848ರ ಸೆಪ್ಟೆಂಬರ್ 13ರಂದು, ಅಮೆರಿಕದ ವರ್ಮಾಂಟ್ ಪ್ರಾಂತದಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದ ಫಿನಿಯಾಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯ ಕೆಳಗಿನಿಂದ ಹೊಕ್ಕ ಕಬ್ಬಿಣದ ಸಲಾಕೆಯೊಂದು ನೆತ್ತಿಯನ್ನು ಭೇದಿಸಿ ಹೊರಬಿದ್ದಿತು. ಅವನು ಸಾಯಲಿಲ್ಲ. ಆದರೆ ಶಿಸ್ತಿನವನೂ ಸಮಚಿತ್ತನೂ ಆಗಿದ್ದವನು ಚಂಚಲನೂ ಒರಟನೂ ಆದನೆಂದು ಅವನಿಗೆ ಚಿಕಿತ್ಸೆ ನೀಡಿದ ವೈದ್ಯ ಹಾರ್ಲೊ ಬರೆದಿಟ್ಟನು. ಬಹುಮಂದಿ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿಬಿಡುತ್ತಾರೆ. ಅದು ಗೇಜನಿಗೆ ಮಾಡುವ ಅನ್ಯಾಯ. ಅವನು ಮುಂದೆ ಚಿಲಿ ದೇಶಕ್ಕೆ ಹೋಗಿ ಹಲವು ವರ್ಷ ಕುದುರೆಬಂಡಿಯ ಸಾರಥಿಯಾಗಿ ದುಡಿದನು. ಗಾಯಗೊಂಡ ಮಿದುಳು ಕೂಡ ನಿಯಮಿತವಾದ ಕೆಲಸದ ಆಸರೆಯಲ್ಲಿ ಎಷ್ಟೋ ಮಟ್ಟಿಗೆ ತನ್ನ ಹದವನ್ನು ಮರಳಿ ಪಡೆಯಬಲ್ಲದು.

ನಮ್ಮ ಊರುಗಳಲ್ಲಿ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದವರಲ್ಲಿ ಅನೇಕರಿಗೆ ಮಾತೂ ಬಿದ್ದುಹೋಗುವುದನ್ನು ಕಾಣುತ್ತೇವೆ. ಮಾತನ್ನು ಹೊಂದಿಸಿ ಹೊರಡಿಸುವ ಭಾಗವು ಬಹುತೇಕ ಜನರಲ್ಲಿ, ದೇಹದ ಬಲಭಾಗವನ್ನು ನಡೆಸುವ ಮಿದುಳಿನ ಎಡಪಾರ್ಶ್ವದಲ್ಲಿಯೇ ಇದೆಯೆಂದು ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ 1860ರ ದಶಕದಲ್ಲಿ ತೋರಿಸಿಕೊಟ್ಟನು. ಆ ಭಾಗ ಮಾತ್ರ ಕೆಟ್ಟವನಿಗೆ ಎದುರಿನವರ ಮಾತು ಬಹುಮಟ್ಟಿಗೆ ಅರ್ಥವಾಗುತ್ತಲೇ ಇರುತ್ತದೆ. ಉತ್ತರ ಮಾತ್ರ ನಾಲಗೆಗೆ ಬಾರದು. ಅಂಥ ಹಿರಿಯರ ಎದುರಿನಲ್ಲಿಯೇ, ಅವರಿಗೆ ಏನೂ ತಿಳಿಯುವುದಿಲ್ಲವೆಂಬಂತೆ, ಆಸ್ತಿಯ ಮಾತನ್ನೂ ಆಸ್ಪತ್ರೆಯ ಖರ್ಚಿನ ಮಾತನ್ನೂ ಆಡುವ ಮನೆಗಳುಂಟು. ಅದು ಎಷ್ಟು ಕ್ರೂರವಾದ ಅಜ್ಞಾನ!

ಇನ್ನು ಕೈಕೆಲಸದ ಮಾತು. ಲೋಹದ ಮೇಲೆ ಬೆಳ್ಳಿಯನ್ನು ಕೂರಿಸುವ ಬಿದ್ರಿಯ ಕುಶಲಕರ್ಮಿಯನ್ನು ನೋಡಿದವರು ಬೀದರಿನ ಮೈಲೂರದಲ್ಲಿಯೂ ಉಂಟು, ಚಿದ್ರಿಯಲ್ಲಿಯೂ ಉಂಟು; ಆದರೆ ಅವನ ಬೆರಳುಗಳ ಹಿಂದೆ ಮಿದುಳು ಮಾಡುವ ಕೆಲಸವನ್ನು ಕಂಡವರಾರು? ಸತುವೂ ತಾಮ್ರವೂ ಬೆರೆತ ಎರಕದ ಪಾತ್ರೆಯ ಮೇಲೆ ಮೊನಚಾದ ಉಕ್ಕಿನಿಂದ, ಅಳತೆಪಟ್ಟಿಯಿಲ್ಲದೆ, ಬರಿಗಣ್ಣಿನ ಅಂದಾಜಿನಲ್ಲಿಯೇ ಬಳ್ಳಿಯನ್ನೆಳೆದು, ಉಳಿಯಿಂದ ಗಾಡಿ ತೋಡಿ, ಅದರಲ್ಲಿ ಬೆಳ್ಳಿಯ ತಂತಿಯನ್ನು ಸುತ್ತಿಗೆಯಿಂದ ಕೂರಿಸುವಾಗ, ಏಟಿನ ಭಾರ ತುಸು ಹೆಚ್ಚಾದರೂ ದಿನಗಳ ದುಡಿಮೆ ಕೆಡುತ್ತದೆ. ಕಡೆಯಲ್ಲಿ ಬೀದರಿನ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕದಡಿ ಸವರಿದಾಗ ಲೋಹ ಕಪ್ಪಾಗಿ ಬೆಳ್ಳಿ ಬೆಳಗುತ್ತದೆ. ಆ ಮಣ್ಣಿನ ಗುಣವನ್ನು ಹಳೆಯ ಕಸಬುದಾರರು ನಾಲಗೆಗೆ ಹಚ್ಚಿಕೊಂಡು ರುಚಿಯಿಂದಲೇ ಅರಿಯುವರು. 2023ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದ ಷಾ ರಷೀದ್ ಅಹ್ಮದ್ ಖಾದ್ರಿಯವರಂಥ ಕಲಾವಿದರ ಹಸ್ತಲಾಘವವು ಮಾತಿನಲ್ಲಿ ಬರೆದಿಟ್ಟು ಕಲಿಸಬಹುದಾದ ವಿದ್ಯೆಯಲ್ಲ.

ಏಕಲ್ಲವೆಂಬುದಕ್ಕೆ ಉತ್ತರ ದೊರೆತದ್ದು ಹೆನ್ರಿ ಮೊಲೈಸನ್ ಎಂಬ ರೋಗಿಯಿಂದ. ತೀವ್ರವಾದ ಮೂರ್ಛೆಯನ್ನು ನಿಲ್ಲಿಸಲೆಂದು 1953ರಲ್ಲಿ ಶಸ್ತ್ರವೈದ್ಯರು ಅವನ ಮಿದುಳಿನ ಎರಡೂ ಪಕ್ಕಗಳಲ್ಲಿ ಹಿಪೊಕ್ಯಾಂಪಸ್ ಎಂಬ ಭಾಗವನ್ನು ಬಹುವಾಗಿ ಕತ್ತರಿಸಿ ತೆಗೆದರು. ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಹೆಚ್ಚುಕಡಿಮೆ ಯಾವ ಹೊಸ ಸಂಗತಿಯೂ ಅವನ ನೆನಪಿನಲ್ಲಿ ನಿಲ್ಲಲಿಲ್ಲ. ಆದರೂ ಕನ್ನಡಿಯಲ್ಲಿ ನೋಡಿಕೊಂಡು ನಕ್ಷತ್ರದ ಚಿತ್ರವನ್ನು ತಿದ್ದುವ ಅಭ್ಯಾಸದಲ್ಲಿ ಅವನ ಕೈ ದಿನದಿಂದ ದಿನಕ್ಕೆ ಪಳಗುತ್ತಲೇ ಹೋಯಿತು. ತಾನು ಅದನ್ನು ಹಿಂದೆ ಮಾಡಿದ್ದೆನೆಂಬುದು ಮಾತ್ರ ಅವನಿಗೆ ಗೊತ್ತಿರಲಿಲ್ಲ. ಸಂಗತಿಗಳ ಸ್ಮೃತಿ ಬೇರೆ, ಕೈಯ ಸ್ಮೃತಿ ಬೇರೆ ಎಂದಾಯಿತು. ಎರಡನೆಯದರ ಹೊಣೆಯನ್ನು ಹೊತ್ತಿರುವವು ಮಿದುಳಿನ ಆಳದ ಬೇಸಲ್ ಗ್ಯಾಂಗ್ಲಿಯ ಮತ್ತು ಹಿಂದುಗಡೆ ಕೆಳಗಿರುವ ಅನುಮಸ್ತಿಷ್ಕ; ಮಿದುಳಿನ ಹತ್ತನೆಯ ಒಂದು ಪಾಲಿನಷ್ಟು ಜಾಗವನ್ನು ಮಾತ್ರ ಆಕ್ರಮಿಸಿರುವ ಈ ಅನುಮಸ್ತಿಷ್ಕದಲ್ಲಿಯೇ ಒಟ್ಟು ನರಕೋಶಗಳ ನೂರಕ್ಕೆ ಎಂಬತ್ತು ಪಾಲು ಅಡಗಿವೆ. ಬಾಲ್ಯದಿಂದ ಉಳಿ ಹಿಡಿದವನ ಏಟು ಏಕೆ ತಪ್ಪದೆಂಬುದರ ಗುಟ್ಟು ಇಲ್ಲಿದೆ.

ರಚನೆಯು ನಡತೆಯನ್ನು ರೂಪಿಸುವಂತೆಯೇ ನಡತೆಯೂ ರಚನೆಯನ್ನು ಬದಲಿಸುತ್ತದೆ. ಲಂಡನ್ ನಗರದ ಸಾವಿರಾರು ಬೀದಿಗಳನ್ನು ಬಾಯಿಪಾಠ ಮಾಡಿದ ಟ್ಯಾಕ್ಸಿ ಚಾಲಕರಲ್ಲಿ ಹಿಪೊಕ್ಯಾಂಪಸ್ಸಿನ ಹಿಂಭಾಗ ಇತರರಿಗಿಂತ ದೊಡ್ಡದಾಗಿರುವುದು 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಂಡುಬಂದಿತು. ಆದುದರಿಂದ, ಎಲ್ಲವೂ ಮಿದುಳಿನ ಲೀಲೆ, ನಮ್ಮದೇನೂ ಇಲ್ಲವೆಂದು ಕೈಕಟ್ಟಿ ಕೂರುವ ವಾದವನ್ನು ನಾನು ಒಪ್ಪಲಾರೆ.

ಆದರೆ ಮಿದುಳಿನ ವಿಕಾರವನ್ನು ಮನುಷ್ಯನ ತಪ್ಪೆಂದೋ ದೈವದ ಕೋಪವೆಂದೋ ಎಣಿಸುವುದು ಅದಕ್ಕಿಂತ ದೊಡ್ಡ ಪ್ರಮಾದ. ಕನ್ನಡನಾಡಿನದೇ ಒಂದು ವಿಶಿಷ್ಟವಾದ ನಿದರ್ಶನವುಂಟು. ತಲೆಗೆ ಬಿಸಿನೀರನ್ನು ಚೊಂಬಿನಿಂದ ಮೇಲಿಂದ ಮೇಲೆ ಸುರಿದುಕೊಳ್ಳುವಾಗ ಕೆಲವರಿಗೆ ಮಂಪರು ಕವಿದು, ದೃಷ್ಟಿ ನೆಟ್ಟು, ಮಾತು ತೊದಲಿ, ಸ್ಮೃತಿ ತಪ್ಪುತ್ತದೆ. 1968ರಲ್ಲಿ ಡಾ. ಕೆ.ಎಸ್. ಮಣಿ ಮತ್ತು ಅವರ ಸಂಗಡಿಗರು ಈ ಬಿಸಿನೀರಿನ ಮೂರ್ಛೆಯನ್ನು ವೈದ್ಯಲೋಕದ ಗಮನಕ್ಕೆ ತಂದರು. 1988ರಲ್ಲಿ ನಿಮ್ಹಾನ್ಸ್‌ನ ಡಾ. ಪಿ. ಸತೀಶ್ಚಂದ್ರ ಮತ್ತು ಸಹೋದ್ಯೋಗಿಗಳು 279 ರೋಗಿಗಳ ವಿವರವನ್ನು ಪ್ರಕಟಿಸಿದರು. ನೀರಿನ ಉಷ್ಣತೆ ಸಾಮಾನ್ಯವಾಗಿ 40ರಿಂದ 50 ಡಿಗ್ರಿ ಸೆಲ್ಸಿಯಸ್. ಇವರಲ್ಲಿ ಕೆಲವರು, ಮೂರ್ಛೆಯ ಆರಂಭದಲ್ಲಿ ಉಂಟಾಗುವ ಒಂದು ಬಗೆಯ ಸುಖಾನುಭವದ ಸೆಳೆತಕ್ಕೆ ಸಿಕ್ಕಿ, ಬೇಡವೆಂದರೂ ಕೇಳದೆ ಸುರಿದುಕೊಳ್ಳುತ್ತಲೇ ಹೋಗುವರು. ಹೊರಗಿನಿಂದ ನೋಡುವವರಿಗೆ ಅದು ಹಟವಾಗಿಯೋ ಗಾಳಿ ಸೋಕಿದ್ದಾಗಿಯೋ ತೋರಬಹುದು. ವಾಸ್ತವದಲ್ಲಿ ಕಿವಿಯ ಬಳಿಯ ಹಾಲೆಯಲ್ಲಿ ನರಕೋಶಗಳು ಹತೋಟಿ ತಪ್ಪಿ ಒಮ್ಮೆಗೇ ಸ್ಪಂದಿಸುತ್ತಿರುತ್ತವೆ. ನೀರಿನ ಬಿಸಿಯನ್ನು ತಗ್ಗಿಸುವುದರಿಂದಲೇ ಅನೇಕರಿಗೆ ಗುಣ. ಉಳಿದವರಿಗೆ ವೈದ್ಯರು ಸ್ನಾನಕ್ಕೆ ಮುನ್ನ ಕ್ಲೋಬಜಾಮ್ ಮಾತ್ರೆಯನ್ನು ಕೊಡುವುದುಂಟು.

ಇದೇ ಡಾ. ಮಣಿಯವರು ಯಳಂದೂರು ಸೀಮೆಯ ಹಳ್ಳಿಗಳಲ್ಲಿ ನಡೆಸಿದ ಕಾರ್ಯವನ್ನು ನೆನೆದಾಗ ಗೌರವದಿಂದ ತಲೆಬಾಗುತ್ತದೆ. ಫಿನೋಬಾರ್ಬಿಟೋನ್, ಫೆನಿಟೋಯಿನ್ ಎಂಬ ಅತ್ಯಂತ ಅಗ್ಗದ ಮಾತ್ರೆಗಳಿಂದಲೇ ಹಳ್ಳಿಗರಾದ ರೋಗಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಯ ಮೂರ್ಛೆಯನ್ನು ನಿಲ್ಲಿಸಬಹುದೆಂದು 2001ರಲ್ಲಿ ಪ್ರಕಟವಾದ ಅವರ ವರದಿ ತೋರಿಸಿತು. ಹೀಗಿದ್ದರೂ, ಫಿಟ್ಸ್ ಬಂದು ಬಿದ್ದವರ ಮುಷ್ಟಿಯಲ್ಲಿ ಕೀಲಿಗೊಂಚಲನ್ನು ತುರುಕುವ, ಮೂಗಿಗೆ ಚಪ್ಪಲಿ ಹಿಡಿಯುವ ಪದ್ಧತಿ ಇನ್ನೂ ಅಳಿದಿಲ್ಲ; ಮೂರ್ಛೆಯುಂಟೆಂಬ ಸಂಗತಿಯನ್ನು ಬಚ್ಚಿಟ್ಟು ಮದುವೆ ಮಾಡುವುದೂ, ತಿಳಿದ ಮೇಲೆ ಹೆಣ್ಣನ್ನು ತವರಿಗೆ ಕಳುಹಿಸುವುದೂ ನಿಂತಿಲ್ಲ.

ಔರಾದದಲ್ಲಾಗಲಿ, ಭಾಲ್ಕಿಯಲ್ಲಾಗಲಿ, ಬೀದರಿನ ಯಾವ ಓಣಿಯಲ್ಲಾಗಲಿ ಇದನ್ನು ಓದುತ್ತಿರುವವರಲ್ಲಿ ನನ್ನದೊಂದು ವಿನಂತಿಯಿದೆ. ಮೂರ್ಛೆ ಬಂದವರನ್ನು ಮಗ್ಗುಲಾಗಿ ಮಲಗಿಸಿ, ಬಾಯಿಗೆ ಏನನ್ನೂ ಹಾಕಬೇಡಿರಿ. ಐದು ನಿಮಿಷದೊಳಗೆ ಸೆಳೆತ ನಿಲ್ಲದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ಶಾಂತರಾಗಿದ್ದವರು ವೃದ್ಧಾಪ್ಯದಲ್ಲಿ ಇದ್ದಕ್ಕಿದ್ದಂತೆ ಸಂಶಯಗ್ರಸ್ತರಾದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ಮಗನ ಗುಣವೇ ಬೇರೆಯಾದರೆ, ಬೈಯುವುದಕ್ಕೂ ಹರಕೆ ಹೊರುವುದಕ್ಕೂ ಮೊದಲು ವೈದ್ಯರಿಗೆ ತೋರಿಸಿರಿ. ಮನಸ್ಸಿನ ಬಾಧೆಗಳಿಗೆ ಸಲಹೆ ನೀಡಲು 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಕರೆ ಮಾಡಿದರೆ ಕನ್ನಡದಲ್ಲಿಯೇ ಉತ್ತರ ದೊರೆಯುತ್ತದೆ; ಅದಕ್ಕೆ ಹಣ ತೆರಬೇಕಾಗಿಲ್ಲ.