ಹೆರಿಗೆ ಮತ್ತು ಬಾಣಂತನ: ಆರೈಕೆಯ ಅಸಮಾನತೆ

ಜನಪದರ ಬದುಕಿನಲ್ಲಿ ಹೆರಿಗೆ ಬೇರೆ, ಬಾಣಂತನ ಬೇರೆ. ಹೆರಿಗೆ ಒಂದು ದಿನದ ಸಂಗತಿ. ಬಾಣಂತನ ಹಲವು ವಾರಗಳ ಆರೈಕೆ. ಇವೆರಡನ್ನೂ ಬೆಸೆಯುತ್ತಿದ್ದವಳು ಸೂಲಗಿತ್ತಿ. ಬಸುರಿಯ ಹೊಟ್ಟೆ ಮುಟ್ಟಿ ಮಗುವಿನ ಇರವನ್ನು ಅರಿಯುವುದು, ಹೊಕ್ಕುಳಬಳ್ಳಿ ಕತ್ತರಿಸುವುದು, ಅನಂತರ ತಾಯಿ ಮಗುವಿಗೆ ಎಣ್ಣೆ ಹಚ್ಚಿ ನೀರೆರೆಯುವುದು ಅವಳ ಕಾಯಕ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಸಂದುದು ಈ ಪರಂಪರೆಗೆ ದೊರೆತ ಮನ್ನಣೆ.

ಆದರೆ ಈ ಪರಂಪರೆಯನ್ನು ವೈಭವೀಕರಿಸುವುದು ಸಲ್ಲದು. ರಕ್ತಸ್ರಾವ ನಿಲ್ಲದಿದ್ದಾಗ, ಮಗು ಅಡ್ಡಬಿದ್ದಾಗ ಸೂಲಗಿತ್ತಿಯ ಕೈ ಸೋಲುತ್ತಿತ್ತು. ಗಾಡಿ ಕಟ್ಟಿಸಿ ಪಟ್ಟಣಕ್ಕೆ ಒಯ್ಯಬಲ್ಲ ಮನೆಯ ಹೆಣ್ಣು ಉಳಿಯುತ್ತಿದ್ದಳು; ಉಳಿದವರ ಪಾಲಿಗೆ ಅದು ದೈವೇಚ್ಛೆ. ಆಸ್ಪತ್ರೆಯ ಹೆರಿಗೆ ಈ ಅಂತರವನ್ನು ಬಹುಮಟ್ಟಿಗೆ ಕುಗ್ಗಿಸಿದೆ. ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 2001-03ರಲ್ಲಿ 228 ಇದ್ದ ತಾಯಂದಿರ ಮರಣ 2018-20ರಲ್ಲಿ 69ಕ್ಕೆ ಇಳಿಯಿತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ರಾಜ್ಯದ ಶೇ. 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿವೆ. ಅದೇ ಸಮೀಕ್ಷೆಯಲ್ಲಿ ಸುಮಾರು ಶೇ. 46ರಷ್ಟು ಗರ್ಭಿಣಿಯರು ರಕ್ತಹೀನರು. ಹೆರಿಗೆಯ ಸ್ಥಳ ಬದಲಾದರೂ ಅದರ ಹಿಂದುಮುಂದಿನ ಆರೈಕೆ ಎಲ್ಲರಿಗೂ ಸಮನಾಗಿ ದೊರೆತಿಲ್ಲ ಎಂಬುದು ಇದರ ಇಂಗಿತ.

ಈ ಅಸಮಾನತೆಗೆ ಆರ್ಥಿಕ ಮುಖವೊಂದಿದೆ. ಜಮೀನುಳ್ಳ ಮನೆಯ ಮಗಳಿಗೆ ತವರಿನಲ್ಲಿ ತಿಂಗಳುಗಟ್ಟಲೆ ಕೊಬ್ಬರಿ, ಬೆಲ್ಲ, ತುಪ್ಪದ ಬಾಣಂತನ. ಕೂಲಿಕಾರ ಹೆಣ್ಣು ಹಸಿಮೈಯಲ್ಲೇ ಹೊಲಕ್ಕಿಳಿಯುತ್ತಾಳೆ. 2017ರ ತಿದ್ದುಪಡಿ ಸಂಘಟಿತ ವಲಯದ ಹೆಣ್ಣುಮಕ್ಕಳ ವೇತನಸಹಿತ ಹೆರಿಗೆ ರಜೆಯನ್ನು 26 ವಾರಗಳಿಗೆ ಹೆಚ್ಚಿಸಿತು. ಅದೇ ವರ್ಷ ಜಾರಿಯಾದ ಮಾತೃವಂದನಾ ಯೋಜನೆ ಉಳಿದವರಿಗೆ, ಅದೂ ಮೊದಲ ಮಗುವಿಗೆ ಮಾತ್ರ, 5,000 ರೂಪಾಯಿ ಗೊತ್ತುಪಡಿಸಿತು. ಮಡಿಲಕ್ಕಿಯ ಆಚರಣೆಯನ್ನು ನೆನಪಿಸುವ ಹೆಸರಿನ ‘ಮಡಿಲು’ ಯೋಜನೆಯೂ (2007) ಮೊದಲೆರಡು ಹೆರಿಗೆಗಳಿಗೆ ಸೀಮಿತವಾಗಿತ್ತು. ತವರು ತುಂಬುವ ಮಡಿಲಿಗೆ ಇಂತಹ ಎಣಿಕೆಯಿಲ್ಲ.

ಇನ್ನೊಂದು ಮುಖ ಸಾಮಾಜಿಕವಾದುದು. ಚಿತ್ರದುರ್ಗ, ತುಮಕೂರು ಭಾಗದ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಸೂತಕದ ನಂಬಿಕೆಯಿಂದ ಬಾಣಂತಿಯನ್ನು ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಇರಿಸುವ ರೂಢಿಯಿದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಹಟ್ಟಿಯೊಂದರಲ್ಲಿ ಹೀಗೆ ಮಳೆಗಾಲದ ಗುಡಿಸಲಿನಲ್ಲಿದ್ದ ಹಸುಗೂಸು ಅಸ್ವಸ್ಥಗೊಂಡು ತೀರಿಕೊಂಡಿತು. ಆಸ್ಪತ್ರೆಯ ರಕ್ಷಣೆ ಅದರ ಬಾಗಿಲಿಗೇ ಮುಗಿದರೆ ಆಗುವ ಅನಾಹುತಕ್ಕೆ ಇದು ನಿದರ್ಶನ.

ಸೂಲಗಿತ್ತಿ ಬಾಣಂತಿಯ ಮನೆಗೆ ತಾನೇ ನಡೆದು ಬರುತ್ತಿದ್ದಳು. ಇಂದು ಆ ನಡಿಗೆ ಆಶಾ ಕಾರ್ಯಕರ್ತೆಯದು. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವನ್ನು ಆಕೆ 42 ದಿನಗಳೊಳಗೆ ಆರು ಬಾರಿ ಮನೆಗೆ ಹೋಗಿ ನೋಡಬೇಕೆಂಬ ನಿಯಮವಿದೆ. ಆದರೆ ಆಕೆಗೆ ಸಿಗುವುದು ಸಂಬಳವಲ್ಲ, ಗೌರವಧನ. ಆ ಭೇಟಿ ಊರಾಚೆಯ ಗುಡಿಸಲಿಗೂ ಕೂಲಿಯವಳ ಮನೆಗೂ ತಪ್ಪದೆ ಸಲ್ಲಬೇಕು, ಬಾಣಂತಿಯ ಕೂಲಿನಷ್ಟವೂ ತುಂಬಬೇಕು. ಆಗ ಮಾತ್ರ ಬಾಣಂತನ ಉಳ್ಳವರ ಸೌಭಾಗ್ಯವಾಗದೆ ಎಲ್ಲ ತಾಯಂದಿರ ಹಕ್ಕಾದೀತು.