ಕಣ್ಣಿಲ್ಲದ ಕ್ಷಿಪಣಿ

ಸುಮಾರು 20 ಕಿಲೋಮೀಟರು ಎತ್ತರದಲ್ಲಿ ಸಾಗುವ ವಿಮಾನವನ್ನು ಕೆಡಹಲು ಸೋವಿಯತ್ ಒಕ್ಕೂಟವು 1950ರ ದಶಕದಲ್ಲಿ ಎಸ್-75 ಎಂಬ ಕ್ಷಿಪಣಿಯನ್ನು ನಿರ್ಮಿಸಿತು. ನೆಲದಿಂದ ಗಗನಕ್ಕೆ ನೆಗೆಯುವ ಈ ಅಸ್ತ್ರಕ್ಕೆ ಸ್ವಂತ ದೃಷ್ಟಿಯಿಲ್ಲ. ಕೆಳಗಿನ ರೇಡಾರು ಗುರಿಯನ್ನೂ ಕ್ಷಿಪಣಿಯನ್ನೂ ಏಕಕಾಲಕ್ಕೆ ನೋಡುತ್ತಿರುತ್ತದೆ. ಗಣಕಯಂತ್ರವು ಲೆಕ್ಕಿಸಿದ ಪಥವು ರೇಡಿಯೋ ಆಜ್ಞೆಗಳ ರೂಪದಲ್ಲಿ ಅದನ್ನು ಮುಟ್ಟುತ್ತದೆ. ಗುರಿಗೆ ತಾಗಲೇಬೇಕೆಂದಿಲ್ಲ, ಸಮೀಪದಲ್ಲಿ ಸಿಡಿದರೆ ಸಾಕು.

1960ರ ಮೇ 1ರಂದು ಸ್ವೆರ್ದ್ಲೋಫ್ಸ್ಕ್ ನಗರದ ಬಳಿ ಅಮೆರಿಕದ ಯು-2 ಬೇಹು ವಿಮಾನವು ಹೀಗೆ ಉರುಳಿತು. ಅದರ ಚಾಲಕ ಪವರ್ಸ್ ಸೆರೆಸಿಕ್ಕು ಬದುಕಿದರು. ಆದರೆ ಅವರನ್ನು ತಡೆಯಲು ಹೊರಟಿದ್ದ ಸೋವಿಯತ್ ಮಿಗ್-19ಕ್ಕೂ ತಮ್ಮವರದೇ ಕ್ಷಿಪಣಿ ಬಡಿದು, ವೈಮಾನಿಕ ಸಫ್ರೋನೋವ್ ಅಸುನೀಗಿದರು. ಈ ಮರಣವನ್ನು ಸರ್ಕಾರವು ದಶಕಗಳ ಕಾಲ ಮುಚ್ಚಿಟ್ಟಿತು. ರೇಡಾರಿನ ಪರದೆಯಲ್ಲಿ ಮಿತ್ರನೂ ಶತ್ರುವೂ ಒಂದೇ ಬಗೆಯ ಚುಕ್ಕೆ. ತಾನು ಸ್ವಪಕ್ಷದವನೆಂದು ವಿಮಾನವು ಗುಪ್ತಸಂಕೇತದಲ್ಲಿ ಉತ್ತರಿಸಿದರೆ ಮಾತ್ರ ಭೇದ ತಿಳಿಯುತ್ತದೆ.